ಚಾಪ್ಟರ್ 7 ಆಗಿ ಎರಡೂವರೆ ವರ್ಷ, ಎಚ್-1ಬಿ ಮೇಲಿದ್ದೇನೆ: ಮನೆ ಸಾಲ ಸಿಗುತ್ತಾ?

ಬಾಡಿಗೆಮನೆ_ಟಿಎಕ್ಸ್:

ನೇರವಾಗಿ ವಿಷಯಕ್ಕೆ ಬರುತ್ತೇನೆ. ಟೆಕ್ಸಾಸ್‌ನಲ್ಲಿದ್ದೇನೆ, ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅರ್ಜಿ ಅಪ್ರೂವ್ ಆಗಿದೆ, ಗ್ರೀನ್ ಕಾರ್ಡ್ ಸರದಿ ಯಾವ ಕಾಲಕ್ಕೆ ಬರುತ್ತೋ ಗೊತ್ತಿಲ್ಲ. 2022ರಲ್ಲಿ ಕಂಪನಿ ಒಂದೇ ಸಲಕ್ಕೆ ತುಂಬಾ ಜನರನ್ನು ತೆಗೆಯಿತು, ನನ್ನ ಕೆಲಸವೂ ಹೋಯಿತು. ಅದೇ ಹೊತ್ತಿಗೆ ಹೆಂಡತಿಗೆ ಆಪರೇಷನ್. ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗಿತ್ತು. ಕೆಲಸ ಹೋದ ವೀಸಾದವರಿಗೆ ಸಿಗುವ 60 ದಿನದ ಗ್ರೇಸ್ ಅವಧಿಯೊಳಗೆ ಇನ್ನೊಂದು ಕೆಲಸ ಸಿಕ್ಕಿತು, ಆದರೆ ಸಂಬಳ ತುಂಬಾ ಕಮ್ಮಿ. ಆಸ್ಪತ್ರೆ ಬಿಲ್ಲು, ಅದನ್ನು ತುಂಬೋಕೆ ಉಜ್ಜಿದ ಕ್ರೆಡಿಟ್ ಕಾರ್ಡುಗಳು, ಎಲ್ಲ ಸೇರಿ ಬಡ್ಡಿ ಕಟ್ಟೋಕೂ ಆಗದ ಸ್ಥಿತಿಗೆ ಬಂದೆವು. ವಕೀಲರನ್ನು ಕಂಡು 2022 ನವೆಂಬರ್‌ನಲ್ಲಿ ಚಾಪ್ಟರ್ 7 ಬ್ಯಾಂಕ್ರಪ್ಟ್ಸಿ (ದಿವಾಳಿ ಅರ್ಜಿ) ಫೈಲ್ ಮಾಡಿದೆ, 2023 ಮಾರ್ಚ್‌ನಲ್ಲಿ ಡಿಸ್ಚಾರ್ಜ್ ಆಯಿತು, ಅಂದರೆ ಆ ಸಾಲಗಳ ಹೊಣೆಯಿಂದ ಕೋರ್ಟು ಬಿಡಿಸಿತು. ಫೈಲ್ ಮಾಡಿದ್ದು ನಾನೊಬ್ಬನೇ, ಹೆಂಡತಿ ಮಾಡಿಲ್ಲ.

ಈಗ ಸಂಬಳ ಮತ್ತೆ ಸರಿಹೋಗಿದೆ. ಹೆಂಡತಿಗೆ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಅನುಮತಿ) ಬಂದು ಅವಳೂ ಒಂದು ವರ್ಷದ ಮೇಲಾಯಿತು ಕೆಲಸ ಮಾಡುತ್ತಿದ್ದಾಳೆ. ನನ್ನ ಕ್ರೆಡಿಟ್ ಸ್ಕೋರ್ 668, ಅವಳದು 740ರ ಆಸುಪಾಸು. ಬಾಡಿಗೆ ಒಂದು ತಿಂಗಳೂ ತಪ್ಪಿಸಿಲ್ಲ.

ಗೊಂದಲ ಏನಪ್ಪಾ ಅಂದರೆ, ಒಬ್ಬ ಲೋನ್ ಆಫೀಸರ್ "ಎಫ್‌ಎಚ್‌ಎಗೆ ಎರಡು ವರ್ಷ ಸಾಕು, ನಿಮ್ಮದು ಆಗಿದೆ, ಮಾಡಿಬಿಡೋಣ" ಅಂದರು (ಎಫ್‌ಎಚ್‌ಎ ಅಂದರೆ ಸರ್ಕಾರದ ವಿಮೆ ಇರುವ ಮನೆ ಸಾಲ). ಕಾಗದ ಎಲ್ಲ ಕಳಿಸಿದ ಮೇಲೆ "ಆಗಲ್ಲ" ಅಂತ ಒಂದು ಸಾಲಿನ ಇಮೇಲ್, ಕಾರಣವೇ ಇಲ್ಲ. ಇನ್ನೊಬ್ಬರು ನಾಲ್ಕು ವರ್ಷ ಕಾಯಿರಿ ಅಂದರು. ಆಫೀಸಿನ ಗೆಳೆಯ ಹೇಳುವ ಪ್ರಕಾರ ಕ್ರೆಡಿಟ್ ರಿಪೋರ್ಟಿನಿಂದ ಅಳಿಸಿಹೋಗುವ ತನಕ, ಅಂದರೆ ಹತ್ತು ವರ್ಷ, ಯಾರೂ ಹತ್ತಿರ ಸೇರಿಸಲ್ಲ. ಇದರಲ್ಲಿ ಯಾವುದು ನಿಜ? ಇನ್ನೂ ಒಂದು, ಡಿಸ್ಚಾರ್ಜ್ ಆದ ಒಂದು ಕಾರ್ಡು ಈಗಲೂ ರಿಪೋರ್ಟಿನಲ್ಲಿ ಬಾಕಿ ತೋರಿಸುತ್ತಿದೆ. ಅದೇ ಕಾರಣ ಇರಬಹುದಾ?

---

ಕೊಡೆಹಿಡಿದವ:

ಹತ್ತು ವರ್ಷ ಅಂದವರ ಮಾತು ಬಿಟ್ಟುಬಿಡಿ. ರಿಪೋರ್ಟಿನಲ್ಲಿ ಕಾಣೋದು ಬೇರೆ, ಸಾಲ ಕೊಡೋಕೆ ಇಟ್ಟುಕೊಂಡಿರುವ ಕಾಯುವ ಅವಧಿ ಬೇರೆ. ಚಾಪ್ಟರ್ 7 ಫೈಲ್ ಮಾಡಿದ ದಿನದಿಂದ 10 ವರ್ಷ ರಿಪೋರ್ಟಿನಲ್ಲಿ ಇರುತ್ತೆ, ಚಾಪ್ಟರ್ 13 (ಕಂತಿನಲ್ಲಿ ಕಟ್ಟುವ ಬ್ಯಾಂಕ್ರಪ್ಟ್ಸಿ) ಆದರೆ ಸಾಮಾನ್ಯವಾಗಿ 7 ವರ್ಷಕ್ಕೆ ತೆಗೆಯುತ್ತಾರೆ. ಅದು ಅಲ್ಲಿ ಇರುವಾಗಲೇ ಎಷ್ಟೋ ಜನ ಮನೆ ತಗೊಂಡಿದ್ದಾರೆ, ನಾನೂ ಸೇರಿ.

---

ಫೈಲುಪೆಟ್ಟಿಗೆ:

ನಾನು ಮಾರ್ಟ್‌ಗೇಜ್ ಪ್ರೊಸೆಸಿಂಗ್ ಕೆಲಸ ಮಾಡುತ್ತೇನೆ. ಲೋನ್ ಮಾರುವವಳಲ್ಲ, ಹಾಗಾಗಿ ಯಾರೂ ಮೆಸೇಜ್ ಮಾಡಿ ರೇಟ್ ಕೇಳಬೇಡಿ.

ನಿಮಗೆ "ಆಗಲ್ಲ" ಅಂದಿದ್ದು ಬ್ಯಾಂಕ್ರಪ್ಟ್ಸಿಗಲ್ಲ, ವೀಸಾಗೆ ಅಂತ ನನಗನ್ನಿಸುತ್ತೆ. ಎಫ್‌ಎಚ್‌ಎ ನಿಯಮ 2025ರಲ್ಲಿ ಬದಲಾಯಿತು. ಮಾರ್ಚ್‌ನಲ್ಲಿ ವಸತಿ ನೋಡಿಕೊಳ್ಳುವ ಹಡ್ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಪರ್ಮನೆಂಟ್ ರೆಸಿಡೆಂಟ್ ಅಲ್ಲದವರನ್ನು ಎಫ್‌ಎಚ್‌ಎ ಸಾಲದಿಂದ ಹೊರಗಿಟ್ಟಿತು. ಮೇ 25, 2025ರಿಂದ ಎಫ್‌ಎಚ್‌ಎ ಕೇಸ್ ನಂಬರ್ ಸಿಗುವ ಎಲ್ಲ ಫೈಲಿಗೂ ಇದು ಅನ್ವಯ. ಅಂದರೆ ಎಚ್-1ಬಿ, ಎಲ್-1, ಎಚ್-4 ಇಎಡಿ ಯಾರಿಗೂ ಈಗ ಎಫ್‌ಎಚ್‌ಎ ಇಲ್ಲ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರಬೇಕು. ಐ-140 ಆಗಿದ್ದರೂ ಲೆಕ್ಕಕ್ಕಿಲ್ಲ. ಇಂಟರ್ನೆಟ್‌ನಲ್ಲಿ ನೀವು ಓದುವ "ಎರಡು ವರ್ಷ ಸಾಕು" ಅನ್ನೋ ಲೇಖನಗಳು ಸುಳ್ಳಲ್ಲ, ಆದರೆ ಅವು ನಮ್ಮಂಥ ವೀಸಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ. ಆ ಲೋನ್ ಆಫೀಸರ್ ಮೊದಲ ಫೋನಿನಲ್ಲೇ ವೀಸಾ ಕೇಳಿದ್ದರೆ ನಿಮ್ಮ ಸಮಯ ಉಳಿಯುತ್ತಿತ್ತು. ಅಪ್ಲಿಕೇಶನ್ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು, ಅಥವಾ ಕಾರಣ ಕೇಳುವ ಹಕ್ಕು ನಿಮಗಿದೆ ಅಂತಾದರೂ ತಿಳಿಸಬೇಕು ಅಂತ ಕಾನೂನೇ ಇದೆ. ಬರವಣಿಗೆಯಲ್ಲಿ ಕೇಳಿ ತಗೊಳ್ಳಿ.

ಉಳಿದದ್ದು ಕನ್ವೆನ್ಷನಲ್ ಸಾಲ, ಅಂದರೆ ಲೆಂಡರ್‌ಗಳಿಂದ ಮನೆ ಸಾಲ ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ನಿಯಮದ ಮೇಲೆ ನಡೆಯುವಂಥದ್ದು. ಅಲ್ಲಿ ಎಚ್-1ಬಿಗೆ ತಡೆ ಇಲ್ಲ. ಕಾನೂನುಬದ್ಧವಾಗಿ ಇಲ್ಲಿ ಇದ್ದೀರಿ ಅಂತ ಲೆಂಡರ್‌ಗೆ ತೃಪ್ತಿಯಾದರೆ ಸಾಕು. ಆದರೆ ಚಾಪ್ಟರ್ 7 ಆದವರಿಗೆ ಕಾಯುವ ಅವಧಿ ನಾಲ್ಕು ವರ್ಷ. ಇದನ್ನು ಫೈಲ್ ಮಾಡಿದ ದಿನದಿಂದ ಎಣಿಸಬೇಡಿ, ಡಿಸ್ಚಾರ್ಜ್ ಆದ ದಿನದಿಂದ ಎಣಿಸಿ. ತುಂಬಾ ಜನ ಎಡವುವುದು ಇಲ್ಲೇ. ನಿಮ್ಮ ಲೆಕ್ಕಕ್ಕೆ 2027 ಮಾರ್ಚ್.

ಇದಕ್ಕೆ ಒಂದು ವಿನಾಯಿತಿ ಇದೆ, ನಿಮ್ಮ ಕಥೆ ಓದುತ್ತಾ ನನಗೆ ಮೊದಲು ಹೊಳೆದಿದ್ದೇ ಅದು. ನಿಮ್ಮ ಕೈಮೀರಿದ, ಪದೇ ಪದೇ ಆಗದ ಘಟನೆಯಿಂದ ಆದಾಯ ಇದ್ದಕ್ಕಿದ್ದಂತೆ ಜೋರಾಗಿ ಇಳಿದಿದ್ದರೆ, ಅದು ಕೆಲವು ಕಾಲ ಹಾಗೇ ಇದ್ದರೆ, ಅಥವಾ ತಲೆ ಮೇಲೆ ದೊಡ್ಡ ಖರ್ಚು ಬಂದು ಬಿದ್ದಿದ್ದರೆ, ಫ್ಯಾನಿ ಮೇ ನಾಲ್ಕನ್ನು ಎರಡು ವರ್ಷಕ್ಕೆ ಇಳಿಸುತ್ತೆ. ಎಕ್ಸ್‌ಟೆನ್ಯುಯೇಟಿಂಗ್ ಸರ್ಕಮ್‌ಸ್ಟಾನ್ಸಸ್ ಅನ್ನುತ್ತಾರೆ. ಫ್ರೆಡ್ಡಿ ಮ್ಯಾಕ್‌ನಲ್ಲೂ ಹೆಚ್ಚುಕಮ್ಮಿ ಇದೇ. ಕಂಪನಿ ಕೆಲಸದಿಂದ ತೆಗೆದದ್ದು, ಇನ್ಶೂರೆನ್ಸ್ ಇಲ್ಲದೆ ಆಪರೇಷನ್, ಎರಡೂ ಕಾಗದದಲ್ಲಿ ಇರುವ ವಿಷಯ. ನಿಮ್ಮ ಎರಡು ವರ್ಷ 2025 ಮಾರ್ಚ್‌ಗೇ ಮುಗಿದಿದೆ.

ಆದರೆ ಬಾಯಲ್ಲಿ ಹೇಳಿದರೆ ನಡೆಯಲ್ಲ. ಲೇಆಫ್ ಪತ್ರ, ಸೆವೆರೆನ್ಸ್ ಕಾಗದ, ಹಳೆಯ ಮತ್ತು ಹೊಸ ಸಂಬಳದ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ ಪತ್ರ), ಇನ್ಶೂರೆನ್ಸ್ ನಿಂತ ದಿನದ ನೋಟಿಸು, ಆಸ್ಪತ್ರೆ ಬಿಲ್ಲು, ಇವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಇದರಿಂದಾಗಿ ಬೇರೆ ದಾರಿ ಇರಲಿಲ್ಲ ಅಂತ ಒಂದು ಪತ್ರ ಬರೆಯಬೇಕು. ಪತ್ರ ಒಂದು ಪುಟ ಮೀರಬಾರದು. ಫೈಲು ಪರೀಕ್ಷಿಸುವ ಅಂಡರ್‌ರೈಟರ್‌ಗೆ ಕಣ್ಣೀರು ಬೇಡ, ತಾರೀಖು ಬೇಕು. ಕೆಲಸ ಹೋಗುವ ಮುಂಚೆ ಎಲ್ಲ ಕಂತು ಸರಿಯಾಗಿ ಕಟ್ಟುತ್ತಿದ್ದಿರಿ ಅಂತ ಹಳೆಯ ಕ್ರೆಡಿಟ್ ಚರಿತ್ರೆ ತೋರಿಸಿದರೆ ಅರ್ಧ ಕೆಲಸ ಆದ ಹಾಗೆ. ಕೆಲಸ ಹೋಗುವ ಒಂದು ವರ್ಷ ಮೊದಲೇ ಕಾರ್ಡುಗಳು ತುಂಬಿ ತುಳುಕುತ್ತಿದ್ದರೆ ಮಾತ್ರ ಈ ವಾದ ನಿಲ್ಲಲ್ಲ.

ಮತ್ತೆ, ಎಲ್ಲ ಲೆಂಡರ್‌ಗಳೂ ಈ ವಿನಾಯಿತಿ ಫೈಲು ಮುಟ್ಟಲ್ಲ. ಫ್ಯಾನಿ ಮೇ ಅನುಮತಿ ಕೊಟ್ಟರೂ ಅವರವರದೇ ಬಿಗಿ ನಿಯಮ ಇರುತ್ತೆ, ಓವರ್‌ಲೇ ಅಂತಾರೆ. ಆದ್ದರಿಂದ ಮೊದಲ ಪ್ರಶ್ನೆ ರೇಟ್ ಎಷ್ಟು ಅಂತ ಕೇಳಬೇಡಿ. "ಡಿಸ್ಚಾರ್ಜ್ ಆಗಿ ಎರಡು ವರ್ಷ ಆದ ಚಾಪ್ಟರ್ 7, ವಿನಾಯಿತಿ ಮೇಲೆ, ಎಚ್-1ಬಿ, ಮಾಡ್ತೀರಾ?" ಅಂತ ಒಂದೇ ಉಸಿರಿನಲ್ಲಿ ಕೇಳಿ. ಮಾಡಲ್ಲ ಅಂದರೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ, ಕ್ರೆಡಿಟ್ ಎಳೆಯೋಕೆ ಬಿಡಬೇಡಿ.

---

ನಗದು_ರಾಜ:

ಇಷ್ಟೆಲ್ಲ ತಲೆನೋವು ಯಾಕೆ? ಸುಮ್ನೆ ನಾನ್-ಕ್ಯೂಎಂ (ಮಾಮೂಲಿ ನಿಯಮದ ಹೊರಗಿನ ಸಾಲ) ತಗೊಳ್ಳಿ. ಡಿಸ್ಚಾರ್ಜ್ ಆದ ಮರುದಿನವೇ ಕೊಡುವವರಿದ್ದಾರೆ. ಎರಡು ವರ್ಷ ಆದಮೇಲೆ ರೀಫೈನಾನ್ಸ್ ಮಾಡಿದರಾಯಿತು.

---

ಲೆಕ್ಕದಮ್ಮ:

ನಗದು ರಾಜ ಅವರೇ, ನಿಮ್ಮ ಹೆಸರಿಗೆ ತಕ್ಕ ಸಲಹೆ. ನಗದು ಇರುವವರಿಗೆ ಸರಿ.

ನಾನ್-ಕ್ಯೂಎಂನಲ್ಲಿ ಇಂಥ ಫೈಲಿಗೆ ಸಾಮಾನ್ಯವಾಗಿ 20ರಿಂದ 30 ಪರ್ಸೆಂಟ್ ಡೌನ್ ಪೇಮೆಂಟ್ ಕೇಳುತ್ತಾರೆ, ಬಡ್ಡಿಯೂ ಜಾಸ್ತಿ. ಒಂದು ಲೆಕ್ಕ ನೋಡಿ. 3,20,000 ಡಾಲರ್ ಸಾಲ, 30 ವರ್ಷ. ಬಡ್ಡಿ 6.5 ಇದ್ದರೆ ಕಂತು ಸುಮಾರು 2,023 ಡಾಲರ್. ಅದೇ 8.5 ಆದರೆ 2,460. ತಿಂಗಳಿಗೆ ಹತ್ತಿರ ಹತ್ತಿರ 440 ಡಾಲರ್ ವ್ಯತ್ಯಾಸ, 2027 ಮಾರ್ಚ್ ತನಕದ ಒಂದೂವರೆ ವರ್ಷಕ್ಕೆ 8,000ದ ಆಸುಪಾಸು. ಆಮೇಲೆ ರೀಫೈನಾನ್ಸ್ ಮಾಡೋಕೆ ಮತ್ತೆ ಕ್ಲೋಸಿಂಗ್ ಖರ್ಚು. ಆಗ ಬಡ್ಡಿ ಇಳಿದಿರುತ್ತೆ ಅಂತ ಬರೆದು ಕೊಟ್ಟವರು ಯಾರೂ ಇಲ್ಲ ಅಲ್ವಾ?

ಇಷ್ಟಾದರೂ ತಡೆಯಬಹುದು. ನನಗೆ ಹೆದರಿಕೆ ಇರೋದು ಬೇರೆಯದರ ಬಗ್ಗೆ. ಇವರು ಎಚ್-1ಬಿ. ಕೈಯಲ್ಲಿರುವ ಎಲ್ಲ ದುಡ್ಡನ್ನೂ ಡೌನ್ ಪೇಮೆಂಟಿಗೆ ಸುರಿದು, ನಾಳೆ ಮತ್ತೆ ಕೆಲಸ ಹೋಗಿ 60 ದಿನ ಎಣಿಸುವ ಪರಿಸ್ಥಿತಿ ಬಂದರೆ? ಒಂದು ಸಲ ಅದನ್ನು ನೋಡಿದವರು ಇವರು. ಉಳಿತಾಯ ಕೈಯಲ್ಲಿ ಇರಲಿ. ಕನ್ವೆನ್ಷನಲ್‌ನಲ್ಲಿ 5 ಪರ್ಸೆಂಟ್ ಕಟ್ಟಿ, ಪಿಎಂಐ (ಡೌನ್ ಪೇಮೆಂಟ್ ಕಮ್ಮಿ ಇದ್ದಾಗ ಕಟ್ಟುವ ಸಾಲದ ವಿಮೆ) ಕೊಟ್ಟರೂ ಪರವಾಗಿಲ್ಲ. ಸಾಲ ಮನೆಯ ಬೆಲೆಯ 80 ಪರ್ಸೆಂಟಿಗೆ ಇಳಿದಾಗ ಪಿಎಂಐ ತೆಗೆಯಿರಿ ಅಂತ ಕೇಳಬಹುದು, 78ಕ್ಕೆ ಅವರೇ ತೆಗೆಯಬೇಕು.

---

ಹಳೇ_ಕಾಲದವನು:

ತಗೊಂಡ ಸಾಲಕ್ಕೆ ಕೈ ಎತ್ತಿದವರಿಗೆ ಮತ್ತೆ ಸಾಲ ಕೊಡಿಸೋಕೆ ಎಲ್ಲರೂ ಓಡಿ ಬಂದಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಿಲ್ಲ.

---

ಬಾಡಿಗೆಮನೆ_ಟಿಎಕ್ಸ್:

ಹಾಸಿಗೆ ಸರಿಯಾಗೇ ಇತ್ತು ಸರ್. ಆಸ್ಪತ್ರೆಯವರು ಎಳೆದುಕೊಂಡು ಹೋದರು.

@ಫೈಲುಪೆಟ್ಟಿಗೆ, ತುಂಬಾ ಥ್ಯಾಂಕ್ಸ್ ಮೇಡಂ. ವೀಸಾ ವಿಷಯ ಯಾರೂ ಹೇಳಿರಲಿಲ್ಲ. ಲೇಆಫ್ ಪತ್ರ ಇದೆ, ಬಿಲ್ಲುಗಳೂ ಇವೆ. ಡಿಸ್ಚಾರ್ಜ್ ಆರ್ಡರ್ ಇದೆ, ಆದರೆ ಕೋರ್ಟಿಗೆ ಕೊಟ್ಟ ಪೂರ್ತಿ ಅರ್ಜಿ ಕಾಣುತ್ತಿಲ್ಲ, ವಕೀಲರ ಆಫೀಸು ಫೋನ್ ಎತ್ತುತ್ತಿಲ್ಲ. ಇನ್ನೊಂದು ಯೋಚನೆ: ಹೆಂಡತಿ ಹೆಸರಲ್ಲಿ ಮಾತ್ರ ಸಾಲ ತಗೊಂಡರೆ? ಟೆಕ್ಸಾಸ್ ಕಮ್ಯುನಿಟಿ ಪ್ರಾಪರ್ಟಿ (ಮದುವೆಯಾದ ಮೇಲಿನ ಆಸ್ತಿ ಇಬ್ಬರದೂ ಅನ್ನುವ) ರಾಜ್ಯ, ಗಂಡನ ಬ್ಯಾಂಕ್ರಪ್ಟ್ಸಿಯನ್ನೂ ನೋಡುತ್ತಾರೆ ಅಂತ ಯಾರೋ ಅಂದರು.

---

ಫೈಲುಪೆಟ್ಟಿಗೆ:

ಇದು ಒಳ್ಳೆ ಪ್ರಶ್ನೆ. ನಿಜ ಹೇಳಬೇಕಂದರೆ ನಿಮಗೆ ಇದೇ ಸುಲಭದ ದಾರಿ ಇರಬಹುದು.

ಆ "ಯಾರೋ" ಹೇಳಿದ್ದು ಅರ್ಧ ಸರಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಅರಿಝೋನಾ ಸೇರಿ ಒಂಬತ್ತು ರಾಜ್ಯಗಳಲ್ಲಿ ಕಮ್ಯುನಿಟಿ ಪ್ರಾಪರ್ಟಿ ಕಾನೂನು ಇದೆ. ಎಫ್‌ಎಚ್‌ಎ ಆದರೆ ಅಂಥ ರಾಜ್ಯದಲ್ಲಿ ಸಾಲದಲ್ಲಿ ಇಲ್ಲದ ಗಂಡ ಅಥವಾ ಹೆಂಡತಿಯ ರಿಪೋರ್ಟೂ ತೆಗೆದು, ಅವರ ಬಾಕಿಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲೂ ಅವರ ಕೆಟ್ಟ ಚರಿತ್ರೆಯೊಂದನ್ನೇ ಕಾರಣ ಮಾಡಿ ಸಾಲ ನಿರಾಕರಿಸುವ ಹಾಗಿಲ್ಲ. ಕನ್ವೆನ್ಷನಲ್‌ನಲ್ಲಿ ಈ ಗೋಜಿಲ್ಲ. ಅರ್ಜಿ ಹಾಕಿದವರ ಕ್ರೆಡಿಟ್, ಅವರ ಆದಾಯ, ಅವರ ಸಾಲ, ಅಷ್ಟೇ. ನಿಮ್ಮ ಬ್ಯಾಂಕ್ರಪ್ಟ್ಸಿ ಅವರ ಫೈಲಿಗೆ ಬರಲ್ಲ.

ಹಾಗಂತ ಎಲ್ಲ ಸಲೀಸು ಅಂತಲ್ಲ. ನಿಮ್ಮ ಹೆಂಡತಿಯ ಸಂಬಳ ಒಂದರ ಮೇಲೆಯೇ ಮನೆ ಬೆಲೆ ನಿಲ್ಲಬೇಕು. ಎರಡು ವರ್ಷದ ಕೆಲಸದ ಚರಿತ್ರೆ ಇದ್ದರೆ ಒಳ್ಳೆಯದು. 12 ತಿಂಗಳ ಮೇಲಿದ್ದು ಉಳಿದದ್ದು ಗಟ್ಟಿ ಇದ್ದರೂ ಒಪ್ಪಬಹುದು, ಅದೇ ವಿಷಯದಲ್ಲಿ ಓದಿದ್ದರೆ ಆ ಕಾಗದವೂ ಸಹಾಯಕ್ಕೆ ಬರುತ್ತೆ. ಎಚ್-4 ಇಎಡಿ ಅಂದರೆ ಕೆಲವು ಲೆಂಡರ್‌ಗಳು ಹಿಂದೆಮುಂದೆ ನೋಡುತ್ತಾರೆ, ಮೊದಲೇ ಕೇಳಿಕೊಳ್ಳಿ. ಟೆಕ್ಸಾಸ್‌ನಲ್ಲಿ ನೀವು ಸಾಲದಲ್ಲಿ ಇಲ್ಲದಿದ್ದರೂ ಹೋಮ್‌ಸ್ಟೆಡ್ ಹಕ್ಕಿನ (ವಾಸದ ಮನೆ ಮೇಲಿನ ಹಕ್ಕು) ಕಾರಣಕ್ಕೆ, ಮನೆ ಅಡವಿಡುವ ಡೀಡ್ ಆಫ್ ಟ್ರಸ್ಟ್‌ ಪತ್ರಕ್ಕೆ ನಿಮ್ಮ ಸಹಿ ಬೇಕಾಗುತ್ತೆ. ಸಹಿ ಹಾಕಿದ ಮಾತ್ರಕ್ಕೆ ಸಾಲಗಾರ ಆಗಲ್ಲ, ಗಾಬರಿ ಬೇಡ.

ಮತ್ತೆ ಒಂದು ಮಾತು. ಆಪರೇಷನ್ ಅವರದು. ಬಿಲ್ಲು ಯಾರ ಹೆಸರಲ್ಲಿತ್ತು? ನಿಮ್ಮ ಡಿಸ್ಚಾರ್ಜ್ ನಿಮ್ಮ ಹೊಣೆಯನ್ನು ಅಳಿಸುತ್ತೆ, ಅವರದನ್ನಲ್ಲ. ಯಾವುದಾದರೂ ಕಲೆಕ್ಷನ್ ಏಜೆನ್ಸಿ ಅವರ ಹೆಸರಲ್ಲಿ ಹಾಕಿದೆಯಾ ಅಂತ ಅವರ ಮೂರೂ ರಿಪೋರ್ಟು ತೆಗೆದು ನೋಡಿ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅನ್ನೋ ಕ್ರೆಡಿಟ್ ಬ್ಯೂರೋಗಳ ರಿಪೋರ್ಟು ಮೂರೂ ಈಗ ವಾರಕ್ಕೊಮ್ಮೆ ಉಚಿತ, ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಸೈಟಿನಲ್ಲಿ. ದುಡ್ಡು ಕೇಳುವ ಬೇರೆ ಸೈಟಿಗೆ ಹೋಗಬೇಡಿ. ಫೋನ್ ಆಪ್‌ನಲ್ಲಿ ಕಾಣುವ 740 ಮತ್ತು ಮಾರ್ಟ್‌ಗೇಜ್‌ಗೆ ಎಳೆಯುವ ಸ್ಕೋರ್ ಒಂದೇ ಇರಲ್ಲ, ಅದನ್ನೂ ತಿಳಿದಿರಿ. ಲೆಂಡರ್‌ಗಳು ಸಾಮಾನ್ಯವಾಗಿ ಹಳೇ ಮಾದರಿಯ ಫೈಕೋ ಸ್ಕೋರ್ ಮೂರು ಕಡೆಯಿಂದ ತೆಗೆದು ನಡುವಿನದನ್ನು ಹಿಡಿಯುತ್ತಾರೆ.

ಅರ್ಜಿ ಕಾಣುತ್ತಿಲ್ಲ ಅಂದಿರಿ. ವಕೀಲರಿಗೆ ಕಾಯಬೇಡಿ. ಫೆಡರಲ್ ಕೋರ್ಟುಗಳ ಪೇಸರ್ ಸೈಟಿನಲ್ಲಿ ಅಕೌಂಟ್ ಮಾಡಿ, ಕೇಸ್ ನಂಬರ್ ಹಾಕಿದರೆ ಎಲ್ಲ ಸಿಗುತ್ತೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಗರಿಷ್ಠ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಇಲ್ಲ. ಅರ್ಜಿ, ಸಾಲ ಕೊಟ್ಟವರ ಪಟ್ಟಿ ಇರುವ ಶೆಡ್ಯೂಲ್‌ಗಳು, ಡಿಸ್ಚಾರ್ಜ್ ಆರ್ಡರ್, ಮೂರನ್ನೂ ಇಳಿಸಿಕೊಂಡು ಎರಡು ಕಡೆ ಇಡಿ.

ಆ ಕಾರ್ಡಿಗೂ ಇದೇ ಕಾಗದ ಬೇಕು. ಡಿಸ್ಚಾರ್ಜ್ ಆದ ಸಾಲ ರಿಪೋರ್ಟಿನಲ್ಲಿ ಬಾಕಿ ಸೊನ್ನೆ ಅಂತ ಇರಬೇಕು, ಬ್ಯಾಂಕ್ರಪ್ಟ್ಸಿಯಲ್ಲಿ ಸೇರಿದೆ ಅಂತ ಬರೆದಿರಬೇಕು. ಬಾಕಿ ತೋರಿಸುತ್ತಿದ್ದರೆ ಸ್ಕೋರಿಗೂ ಏಟು, ಅಂಡರ್‌ರೈಟರ್ ತಲೆಯಲ್ಲೂ ಹುಳ. ಡಿಸ್ಚಾರ್ಜ್ ಆರ್ಡರ್, ಆ ಬ್ಯಾಂಕಿನ ಹೆಸರಿರುವ ಶೆಡ್ಯೂಲ್ ಪುಟ, ಎರಡನ್ನೂ ಸೇರಿಸಿ ತಪ್ಪು ತೋರಿಸುವ ಪ್ರತಿ ಬ್ಯೂರೋಗೂ ಡಿಸ್ಪ್ಯೂಟ್ ಹಾಕಿ. ಸಾಮಾನ್ಯವಾಗಿ 30 ದಿನದೊಳಗೆ ಅವರು ತನಿಖೆ ಮುಗಿಸಬೇಕು. ಆದರೆ ಇದನ್ನು ಸಾಲಕ್ಕೆ ಅರ್ಜಿ ಹಾಕುವ ಮುಂಚೆ ಮುಗಿಸಿ. ಅರ್ಜಿ ನಡೆಯುತ್ತಿರುವಾಗ ರಿಪೋರ್ಟಿನಲ್ಲಿ ಡಿಸ್ಪ್ಯೂಟ್ ತೆರೆದಿದ್ದರೆ ಫೈಲು ಅಲ್ಲೇ ನಿಲ್ಲಬಹುದು.

---

ಕೊಡೆಹಿಡಿದವ:

ನಾನೂ ತಗೊಂಡೆ ಅಂದಿದ್ದಕ್ಕೆ ಇಬ್ಬರು ಹೇಗೆ ಅಂತ ಖಾಸಗಿಯಾಗಿ ಕೇಳಿದರು, ಇಲ್ಲೇ ಬರೆಯುತ್ತೇನೆ. ನನ್ನದು ಚಾಪ್ಟರ್ 13, ಗ್ರೀನ್ ಕಾರ್ಡ್ ಇತ್ತು. 13ರಲ್ಲಿ ಮೂರರಿಂದ ಐದು ವರ್ಷ, ಕೇಸು ನೋಡಿಕೊಳ್ಳುವ ಟ್ರಸ್ಟಿಗೆ ತಿಂಗಳು ತಿಂಗಳು ಕಟ್ಟಬೇಕು. ಮುಗಿಯೋ ತನಕ ಮನೆ ಕನಸು ಬೇಡ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಎಫ್‌ಎಚ್‌ಎಯಲ್ಲಿ ಹಾಗಿಲ್ಲ. ಪ್ಲಾನ್ ಶುರುವಾಗಿ 12 ತಿಂಗಳಾಗಿರಬೇಕು, ಎಲ್ಲ ಕಂತೂ ಸಮಯಕ್ಕೆ ಕಟ್ಟಿರಬೇಕು, ಹೊಸ ಸಾಲ ಮಾಡೋಕೆ ಕೋರ್ಟಿನ ಲಿಖಿತ ಅನುಮತಿ ಬೇಕು. ವಕೀಲರು ಮೋಷನ್ ಹಾಕಿದರು, ಟ್ರಸ್ಟಿ ನನ್ನ ಬಜೆಟ್ ನೋಡಿ ಈಗಿನ ಬಾಡಿಗೆಗಿಂತ ಕಂತು ತೀರಾ ಮೇಲೆ ಹೋಗಬಾರದು ಅಂದರು. ಆಮೇಲೆ ಮ್ಯಾನುಯಲ್ ಅಂಡರ್‌ರೈಟಿಂಗ್. ಕಂಪ್ಯೂಟರ್ ಒಪ್ಪಿಗೆ ಇರಲ್ಲ, ಮನುಷ್ಯರು ಕೂತು ಓದುತ್ತಾರೆ. ಅಲ್ಲಿ ಮಾಮೂಲಿ ಮಿತಿ ಮನೆ ಖರ್ಚಿಗೆ ಆದಾಯದ 31 ಪರ್ಸೆಂಟ್, ಎಲ್ಲ ಸಾಲ ಸೇರಿ 43. ಕೈಯಲ್ಲಿ ಕನಿಷ್ಠ ಒಂದು ತಿಂಗಳ ಕಂತಿನಷ್ಟು ಉಳಿದಿರಬೇಕು. 12 ತಿಂಗಳ ಬಾಡಿಗೆ ಚೆಕ್ಕುಗಳನ್ನು ಒಂದೊಂದಾಗಿ ಕೇಳಿದರು.

ಎಫ್‌ಎಚ್‌ಎ ಅಗ್ಗ ಅಂತ ಮಾತ್ರ ತಿಳಿಯಬೇಡಿ. ಸ್ಕೋರ್ 580 ಮೇಲಿದ್ದರೆ 3.5 ಪರ್ಸೆಂಟ್ ಡೌನ್ ಸಾಕು, ನಿಜ. ಆದರೆ ಮೊದಲಿಗೇ ಸಾಲದ 1.75 ಪರ್ಸೆಂಟ್ ಇನ್ಶೂರೆನ್ಸ್, 3 ಲಕ್ಷ ಡಾಲರ್ ಸಾಲಕ್ಕೆ 5,250. ಅದರ ಮೇಲೆ ಪ್ರತಿ ವರ್ಷದ್ದು ಬೇರೆ. ಡೌನ್ 10 ಪರ್ಸೆಂಟಿಗಿಂತ ಕಮ್ಮಿ ಇದ್ದರೆ ಅದು ಸಾಲ ಇರುವ ತನಕವೂ ಹೋಗಲ್ಲ.

---

ಸರಸಿ_ಓಹಾಯೋ:

ನಮ್ಮ ಮನೆ ಬ್ಯಾಂಕ್ರಪ್ಟ್ಸಿ ಜೊತೆಗೇ ಹೋಯಿತು. ಚಾಪ್ಟರ್ 7ರಲ್ಲಿ ಮಾರ್ಟ್‌ಗೇಜೂ ಸೇರಿತ್ತು, ಒಂದು ವರ್ಷ ಆದಮೇಲೆ ಬ್ಯಾಂಕು ಫೋರ್‌ಕ್ಲೋಸ್ ಮಾಡಿತು, ಅಂದರೆ ಮನೆ ವಶಪಡಿಸಿಕೊಂಡಿತು. ಈಗ ಎಲ್ಲರೂ ಏಳು ವರ್ಷ ಅನ್ನುತ್ತಿದ್ದಾರೆ. ನಿಜವೇ?

---

ಫೈಲುಪೆಟ್ಟಿಗೆ:

ಕನ್ವೆನ್ಷನಲ್‌ನಲ್ಲಿ ಬರೀ ಫೋರ್‌ಕ್ಲೋಷರ್ ಆದರೆ ಏಳು ವರ್ಷ. ಆದರೆ ಆ ಮಾರ್ಟ್‌ಗೇಜ್ ಬ್ಯಾಂಕ್ರಪ್ಟ್ಸಿಯಲ್ಲಿ ಡಿಸ್ಚಾರ್ಜ್ ಆಗಿದೆ ಅಂತ ಕಾಗದದಲ್ಲಿ ತೋರಿಸಿದರೆ, ಫ್ಯಾನಿ ಮೇ ನಿಯಮದ ಪ್ರಕಾರ ಬ್ಯಾಂಕ್ರಪ್ಟ್ಸಿಯ ನಾಲ್ಕು ವರ್ಷವನ್ನೇ ಹಿಡಿಯಬಹುದು. ಮತ್ತದೇ ಶೆಡ್ಯೂಲ್ ಪುಟ. ಎಫ್‌ಎಚ್‌ಎಯಲ್ಲಿ ಫೋರ್‌ಕ್ಲೋಷರ್‌ಗೆ ಮೂರು ವರ್ಷ, ಅದು ಮನೆ ನಿಮ್ಮ ಹೆಸರಿನಿಂದ ಹೋದ ದಿನದಿಂದ ಶುರು. ಹಳೇ ಸಾಲ ಎಫ್‌ಎಚ್‌ಎ ಆಗಿದ್ದರೆ ಕೈವರ್ಸ್ ಅಂತ ಸರ್ಕಾರದ ಬಾಕಿದಾರರ ಪಟ್ಟಿ ಇದೆ, ಅದರಲ್ಲಿ ನಿಮ್ಮ ಹೆಸರಿದೆಯಾ ಅಂತ ಲೆಂಡರ್ ಕೈಲಿ ಮೊದಲು ನೋಡಿಸಿ.

---

ಮೂಲೆಮನೆ:

ಒಂದು ಅನುಮಾನ. ಇಷ್ಟೆಲ್ಲ ಯಾಕೆ ಹೇಳಬೇಕು? ಫಾರ್ಮ್‌ನಲ್ಲಿ ಬ್ಯಾಂಕ್ರಪ್ಟ್ಸಿ ಇಲ್ಲ ಅಂತ ಟಿಕ್ ಮಾಡಿ, ಸಿಕ್ಕಿಬಿದ್ದರೆ ನೋಡಿಕೊಳ್ಳೋದು. ನನ್ನ ಪರಿಚಯದವರು ಹಾಗೇ ಮಾಡಿದ್ದಾರೆ.

---

ಲೆಕ್ಕದಮ್ಮ:

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಅರ್ಜಿ ಫಾರ್ಮಿನಲ್ಲೇ ಕಳೆದ 7 ವರ್ಷದಲ್ಲಿ ಬ್ಯಾಂಕ್ರಪ್ಟ್ಸಿ ಆಗಿದೆಯಾ, ಯಾವ ಚಾಪ್ಟರ್ ಅಂತ ನೇರವಾಗಿ ಕೇಳುತ್ತಾರೆ. ಅಲ್ಲಿ ಬೇಕಂತಲೇ ಸುಳ್ಳು ಬರೆಯೋದು ಫೆಡರಲ್ ಅಪರಾಧ. ಕಾನೂನಿನಲ್ಲಿ 30 ವರ್ಷ ಜೈಲು, 10 ಲಕ್ಷ ಡಾಲರ್ ದಂಡದ ತನಕ ಬರೆದಿದೆ. ಅಷ್ಟು ಶಿಕ್ಷೆ ಯಾರಿಗೂ ಕೊಡಲ್ಲ ಅನ್ನಬಹುದು ನೀವು. ಆದರೆ ವೀಸಾ ಮೇಲಿರುವವರಿಗೆ ವಂಚನೆ ಕೇಸು ಅಂದರೆ ಮನೆಗಿಂತ ದೊಡ್ಡದು ಹೋಗುತ್ತೆ. ಅದೂ ಅಲ್ಲದೆ ಕ್ರೆಡಿಟ್ ರಿಪೋರ್ಟಿನಲ್ಲೇ ಕಾಣುತ್ತೆ, ಯಾರಿಗೆ ಮುಚ್ಚಿಡುತ್ತೀರಿ? ಬ್ಯಾಂಕ್ರಪ್ಟ್ಸಿ ಕಾನೂನೇ ಕೊಟ್ಟಿರುವ ದಾರಿ, ಅದರಲ್ಲಿ ಮುಚ್ಚಿಡೋಕೆ ಏನೂ ಇಲ್ಲ.

---

ಬಾಡಿಗೆಮನೆ_ಟಿಎಕ್ಸ್:

ಹೆಂಡತಿಯ ರಿಪೋರ್ಟು ತೆಗೆದೆವು. ಮೇಡಂ ಹೇಳಿದ ಹಾಗೇ ಒಂದು ಲ್ಯಾಬ್ ಬಿಲ್ಲು ಕಲೆಕ್ಷನ್‌ನಲ್ಲಿ ಅವಳ ಹೆಸರಲ್ಲಿ ಕೂತಿದೆ. ನಮಗೆ ಒಂದು ಕಾಗದವೂ ಬಂದಿರಲಿಲ್ಲ, ಅಥವಾ ಹಳೇ ಅಪಾರ್ಟ್‌ಮೆಂಟಿಗೆ ಹೋಗಿರಬೇಕು. ದೊಡ್ಡ ಮೊತ್ತ ಅಲ್ಲ, ಕಟ್ಟಿಬಿಡುತ್ತೇವೆ. ಪೇಸರ್‌ನಿಂದ ಎಲ್ಲ ಇಳಿಸಿಕೊಂಡೆ, ಶೆಡ್ಯೂಲ್‌ನಲ್ಲಿ ಆ ಕಾರ್ಡಿನ ಬ್ಯಾಂಕ್ ಹೆಸರು ಇದೆ. ಡಿಸ್ಪ್ಯೂಟ್ ಹಾಕಿದ್ದೇನೆ.

ಅವಳ ಹೆಸರಲ್ಲಿ ಮಾತ್ರ ಹೋಗೋಣ ಅಂತ ಮನಸ್ಸು ಮಾಡಿದ್ದೇವೆ, ಸ್ವಲ್ಪ ಚಿಕ್ಕ ಮನೆ ಆದರೂ ಸರಿ. ಕೊನೆಯದಾಗಿ ಒಂದು: ಅವಳ ಅಪ್ಪ ಅಮ್ಮ ಡೌನ್ ಪೇಮೆಂಟಿಗೆ ಇಂಡಿಯಾದಿಂದ ಸ್ವಲ್ಪ ದುಡ್ಡು ಕಳಿಸುತ್ತೇವೆ ಅನ್ನುತ್ತಿದ್ದಾರೆ. ಅದಕ್ಕೇನಾದರೂ ತಕರಾರು ಇದೆಯಾ?

---

ಲೆಕ್ಕದಮ್ಮ:

ತಕರಾರಿಲ್ಲ, ಕಾಗದ ಇರಬೇಕು. ಇದು ವಾಪಸ್ ಕೇಳುವ ದುಡ್ಡಲ್ಲ ಅಂತ ಅವರು ಸಹಿ ಮಾಡಿದ ಗಿಫ್ಟ್ ಲೆಟರ್, ಅವರ ಖಾತೆಯಿಂದ ಹೊರಟ ದಾಖಲೆ, ನಿಮ್ಮ ಹೆಂಡತಿ ಖಾತೆಗೆ ಬಂದ ದಾಖಲೆ. ನಡುವೆ ಚಿಕ್ಕಪ್ಪನ ಖಾತೆ, ಗೆಳೆಯನ ಖಾತೆ ಬೇಡ. ಅಪ್ಪ ಅಮ್ಮ ಇಬ್ಬರೂ ಬೇರೆ ಬೇರೆ ಕಳಿಸಲಿ. ಆರ್‌ಬಿಐ ನಿಯಮದಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು, ನಿಮಗೆ ಅಷ್ಟೇನೂ ಬೇಕಾಗಲ್ಲ. ಒಬ್ಬೊಬ್ಬರದು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತೆ. ಅದು ಅವರ ಟ್ಯಾಕ್ಸ್ ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತೆ, ಆದರೆ ಅಲ್ಲಿಯ ತನಕ ಅವರ ದುಡ್ಡು ಸಿಕ್ಕಿಕೊಂಡಿರುತ್ತೆ, ಹಿರಿಯರಿಗೆ ಮೊದಲೇ ಹೇಳಿಬಿಡಿ. ಇಲ್ಲಿ ಒಂದು ವರ್ಷದಲ್ಲಿ ಬಂದದ್ದು ಒಟ್ಟು 1,00,000 ಡಾಲರ್ ಮೀರಿದರೆ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 3520 ತುಂಬಬೇಕು. ಟ್ಯಾಕ್ಸ್ ಇಲ್ಲ, ಆದರೆ ತುಂಬದಿದ್ದರೆ ದಂಡ ಮೈಮೇಲೆ ಬರುತ್ತೆ.

---

ಫೈಲುಪೆಟ್ಟಿಗೆ:

ಇನ್ನೊಂದು ಸೇರಿಸುತ್ತೇನೆ. ಆ ಲ್ಯಾಬ್ ಬಿಲ್ಲು ಕಟ್ಟುವ ಮುಂಚೆ, ಕಟ್ಟಿದ ಮೇಲೆ ರಿಪೋರ್ಟಿನಿಂದ ತೆಗೆಯುತ್ತೇವೆ ಅಂತ ಆ ಕಲೆಕ್ಷನ್ ಏಜೆನ್ಸಿಯಿಂದ ಬರೆಸಿಕೊಳ್ಳಿ. ಕಟ್ಟಿದ ಮೆಡಿಕಲ್ ಕಲೆಕ್ಷನ್‌ಗಳನ್ನು ಮೂರೂ ಬ್ಯೂರೋಗಳು 2022ರಿಂದ ತೋರಿಸುತ್ತಿಲ್ಲ. ಮೂಲ ಮೊತ್ತ 500 ಡಾಲರ್‌ಗಿಂತ ಕಮ್ಮಿ ಇರುವುದನ್ನೂ 2023ರಲ್ಲಿ ತೆಗೆದರು. ನಿಮ್ಮದು ಅದಕ್ಕಿಂತ ಚಿಕ್ಕದಾಗಿದ್ದರೆ ಅದು ಅಲ್ಲಿ ಇರಲೇಬಾರದು, ಕಟ್ಟೋದಕ್ಕಿಂತ ಮೊದಲು ಡಿಸ್ಪ್ಯೂಟ್ ಹಾಕಿ. ಎಷ್ಟಿದೆ ಮೊತ್ತ?

---

ಬಾಡಿಗೆಮನೆ_ಟಿಎಕ್ಸ್:

412 ಡಾಲರ್. ಇವತ್ತೇ ಹಾಕುತ್ತೇನೆ.